ನೆತ್ತಿಯ ಆಕಾಶ, 18 ಕಿಲೋ ಭಾರ, 5,300 ರೂಪಾಯಿ

ರಾಮನಗರ ಇರುವುದು ಭೂಮಧ್ಯರೇಖೆಯಿಂದ 12.7 ಡಿಗ್ರಿ ಉತ್ತರದಲ್ಲಿ. ಆಕಾಶ ನೋಡಲೆಂದು ದೊಡ್ಡ ಬೈನಾಕ್ಯುಲರ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ 15×70, 25×100 ಎಂಬ ಅಂಕಿಗಳಿಗಿಂತ ಮೊದಲು ಗಮನಿಸಬೇಕಾದದ್ದು ಈ ಅಂಕಿಯನ್ನು. ಚನ್ನಪಟ್ಟಣ 12.65, ಕನಕಪುರ 12.55, ಮಾಗಡಿ 12.96. ನಾಲ್ಕೂ ಊರಿಗೆ ಅರ್ಧ ಡಿಗ್ರಿಯಷ್ಟೂ ಅಂತರವಿಲ್ಲವಾದ್ದರಿಂದ ಒಂದೇ ಲೆಕ್ಕ ಎಲ್ಲರಿಗೂ ಸಲ್ಲುತ್ತದೆ. ಸೂರ್ಯ, ಚಂದ್ರ, ಗ್ರಹಗಳು ಸಾಗುವ ದಾರಿ ಇಲ್ಲಿ ಹೆಚ್ಚುಕಡಿಮೆ ತಲೆಯ ಮೇಲೇ ಹಾದುಹೋಗುತ್ತದೆ. ದುರ್ಬೀನಿನಲ್ಲಿ ನೋಡಲು ಸೊಗಸಾದ ನಕ್ಷತ್ರಗುಚ್ಛಗಳಲ್ಲೂ ನೀಹಾರಿಕೆಗಳಲ್ಲೂ ಹಲವು ಆ ದಾರಿಯ ಆಸುಪಾಸಿನಲ್ಲೇ ಇವೆ.

ಒಂದು ಆಕಾಶಕಾಯ ದಿಗಂತದಿಂದ ಅತಿ ಹೆಚ್ಚೆಂದರೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಊರಿನ ಅಕ್ಷಾಂಶಕ್ಕೂ ಆ ಕಾಯದ ಕ್ರಾಂತಿಗೂ (ಅಂದರೆ ಆಕಾಶದಲ್ಲಿ ಅದರ ಅಕ್ಷಾಂಶಕ್ಕೂ) ಇರುವ ಅಂತರವನ್ನು 90ರಿಂದ ಕಳೆದರೆ ಸಾಕು. ರಾಮನಗರಕ್ಕೂ ಲಂಡನ್ನಿಗೂ ಹಾಗೆ ಸಿಗುವ ಎತ್ತರಗಳು ಇವು:

ಪುಷ್ಯದ ಜೇನುಗೂಡು ಗುಚ್ಛ: ಇಲ್ಲಿ 83 ಡಿಗ್ರಿ, ಲಂಡನ್ನಿನಲ್ಲಿ 58
ಕೃತ್ತಿಕೆ: 79, 63
ಮಹಾವ್ಯಾಧದ ನೀಹಾರಿಕೆ: 72, 33
ಆಂಡ್ರೊಮಿಡಾ ಗೆಲಾಕ್ಸಿ: 61, 80
ಧನುರಾಶಿಯ ಲಗೂನ್ ನೀಹಾರಿಕೆ: 53, 14
ವೃಶ್ಚಿಕದ ಬಾಲದ ಬಳಿಯ ಎಂ7 ಗುಚ್ಛ: 42, 4
ಒಮೆಗಾ ಸೆಂಟಾರಿ: 30, ಅಲ್ಲಿ ಹುಟ್ಟುವುದೇ ಇಲ್ಲ

ಆಂಡ್ರೊಮಿಡಾ ಒಂದನ್ನು ಬಿಟ್ಟರೆ ಮಿಕ್ಕ ಆರೂ ನಮ್ಮಲ್ಲೇ ಎತ್ತರ. ಚಂದ್ರನ ಮಾತು ಇನ್ನೂ ಸ್ಪಷ್ಟ. ದಕ್ಷಿಣಕ್ಕೆ ಎಷ್ಟೇ ಸರಿದಿದ್ದರೂ ದಕ್ಷಿಣೋತ್ತರ ರೇಖೆಯನ್ನು ದಾಟುವ ಹೊತ್ತಿಗೆ ರಾಮನಗರದಲ್ಲಿ ಅವನು 48 ಡಿಗ್ರಿಗಿಂತ ಕೆಳಗಿರುವುದಿಲ್ಲ. ಲಂಡನ್ನಿನಲ್ಲಿ ಕೆಲವು ವರ್ಷ 10 ಡಿಗ್ರಿಗೂ ಇಳಿಯುತ್ತಾನೆ. ಬೈನಾಕ್ಯುಲರನ್ನು ಟ್ರೈಪಾಡಿಗೆ ಬಿಗಿದು ನಿಂತುಕೊಂಡು ನೋಡಿ ಎಂಬ ಸಲಹೆ ಪುಸ್ತಕಗಳಲ್ಲೂ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲೂ ಇರುತ್ತದೆ. 33 ಡಿಗ್ರಿಯ ಮಹಾವ್ಯಾಧನಿಗೆ ಅದು ಸರಿ. 72 ಡಿಗ್ರಿಯವನಿಗೆ ಅದೇ ಸಲಹೆ ಪಾಲಿಸಿದರೆ ಎರಡು ನಿಮಿಷದಲ್ಲಿ ಕತ್ತು ಹಿಡಿಯುತ್ತದೆ. ನಮ್ಮ ಕಡೆ ದುರ್ಬೀನು ಕೊಂಡವರು ಎರಡು ತಿಂಗಳಲ್ಲಿ ಅದನ್ನು ಬೀರುವಿನ ಮೇಲೆ ಇಟ್ಟುಬಿಡುವುದಕ್ಕೆ ಆಸಕ್ತಿ ಬತ್ತಿದ್ದು ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಆ ಸ್ಟ್ಯಾಂಡು ಈ ಆಕಾಶಕ್ಕೆ ಮಾಡಿದ್ದಲ್ಲ.

ಹಾಗಾಗಿ ಹಣವನ್ನು ಹಂಚುವಾಗ ಮೊದಲ ಪಾಲು ಸ್ಟ್ಯಾಂಡಿಗೂ ಕುರ್ಚಿಗೂ ಹೋಗಬೇಕು, ಗಾಜಿಗೆ ಉಳಿದದ್ದು. ಈ ಮಾತನ್ನು ಅಂಕಿಗಳಲ್ಲೇ ಹೇಳುತ್ತೇನೆ. ಮುಂದೆ ಬರುವ ತೂಕ, ಉದ್ದ, ಕೋನಗಳು ಅಳತೆಯವು, ಲೆಕ್ಕದವು. ರೂಪಾಯಿಗಳು ಮಾತ್ರ ಹಿಡಿದ ದರದ ಮೇಲೆ ನಿಂತವು. ನಿಮ್ಮೂರಿನ ಸಾಮಿಲ್ಲು, ಹಾರ್ಡ್‌ವೇರ್ ಅಂಗಡಿಯ ದರ ಹಾಕಿ ಗುಣಿಸಿಕೊಳ್ಳಬಹುದು.

ಮೊದಲು ಗಾಜಿನ ಲೆಕ್ಕ. 25×100 ಎಂದರೆ 25 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 100 ಮಿ.ಮೀ. ಅಗಲವಿರುವ ಬೈನಾಕ್ಯುಲರ್. 15×70ಕ್ಕೆ ಹೋಲಿಸಿದರೆ ಅದು ಸುಮಾರು ಎರಡು ಪಟ್ಟು ಬೆಳಕು ಹಿಡಿಯುತ್ತದೆ. ನಕ್ಷತ್ರಗಳ ಕಾಂತಿಮಾನದಲ್ಲಿ ಹೇಳಿದರೆ 0.8ಕ್ಕೂ ಕಡಿಮೆ ಲಾಭ. ಇದಕ್ಕೆ ತೆರುವ ಬೆಲೆ ತೂಕ. 15×70 ಸುಮಾರು 1.4 ಕಿಲೋ ಇದ್ದರೆ 20×80 ಎರಡು ಕಿಲೋ ದಾಟುತ್ತದೆ, 25×100 ನಾಲ್ಕು ಕಿಲೋ ದಾಟುತ್ತದೆ. ಕಾಣುವ ಆಕಾಶದ ಅಗಲವೂ 4.4 ಡಿಗ್ರಿಯಿಂದ 3 ಡಿಗ್ರಿಗೆ ಕುಗ್ಗುತ್ತದೆ. ಕೃತ್ತಿಕೆಯ ಗುಂಪು ಸುಮಾರು 2 ಡಿಗ್ರಿ ಹರಡಿದೆ. 3 ಡಿಗ್ರಿಯಲ್ಲಿ ಅದು ಹಿಡಿಸುತ್ತದೆ, ಆದರೆ ಸುತ್ತಲಿನ ಕಪ್ಪು ಕಡಿಮೆಯಾಗಿ ಗುಂಪು ಗುಂಪಿನಂತೆ ಕಾಣುವ ಚೆಂದ ತುಸು ತಗ್ಗುತ್ತದೆ.

ಇನ್ನೊಂದು ಅಂಕಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 100ನ್ನು 25ರಿಂದ ಭಾಗಿಸಿದರೆ 4. ಕಣ್ಣುಗಾಜಿನಿಂದ ಹೊರಬರುವ ಬೆಳಕಿನ ಕಂಬ 4 ಮಿ.ಮೀ. ದಪ್ಪ ಎಂದರ್ಥ. 15×70ರಲ್ಲಿ ಅದು 4.7 ಮಿ.ಮೀ., 10×50ರಲ್ಲಿ 5. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ, ವಯಸ್ಸಾದಂತೆ 5ರ ಸುಮಾರಿಗೆ ಇಳಿಯುತ್ತದೆ. ಹೀಗಾಗಿ 4 ಮಿ.ಮೀ. ಕಂಬ ಅಜ್ಜಿಯ ಕಣ್ಣಿಗೂ ಪೂರ್ತಿ ಇಳಿಯುತ್ತದೆ, ಬೆಳಕು ವ್ಯರ್ಥವಾಗುವುದಿಲ್ಲ. ಆದರೆ ತಲೆ ಎರಡು ಮಿ.ಮೀ. ಅತ್ತಿತ್ತ ಸರಿದರೂ ಒಂದು ಕಡೆ ಕಪ್ಪಾಗುತ್ತದೆ. ಕತ್ತನ್ನು ಹಿಂದಕ್ಕೆ ಬಾಗಿಸಿ ನಿಂತವರ ತಲೆ ಎರಡು ಮಿ.ಮೀ.ಗಿಂತ ಹೆಚ್ಚೇ ಓಲಾಡುತ್ತದೆ. ಆರಾಮವಾಗಿ ಒರಗುವುದು ಇಲ್ಲಿ ಐಷಾರಾಮವಲ್ಲ. ನೀಹಾರಿಕೆ ಕಾಣುವುದು, ಕಾಣದಿರುವುದು ಅದರ ಮೇಲೇ ನಿಂತಿದೆ.

ದೊಡ್ಡ ದುರ್ಬೀನಿನಿಂದ ಧೂಮಕೇತು ಹುಡುಕಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಜಪಾನಿನ ಯುಜಿ ಹ್ಯಾಕುತಾಕೆ 1996ರ ಜನವರಿಯಲ್ಲಿ ತಮ್ಮ ಹೆಸರಿನ ಪ್ರಖ್ಯಾತ ಧೂಮಕೇತುವನ್ನು ಕಂಡದ್ದು 25×150 ಬೈನಾಕ್ಯುಲರಿನಲ್ಲಿ. ಅಂಥದರ ತೂಕ 18 ಕಿಲೋ ದಾಟುತ್ತದೆ, ಗಟ್ಟಿ ಸ್ಟ್ಯಾಂಡಿಲ್ಲದೆ ಅದನ್ನು ಬಳಸುವ ಮಾತೇ ಇಲ್ಲ. ಇಂಗ್ಲೆಂಡಿನ ಶಾಲಾ ಮೇಷ್ಟ್ರು ಜಾರ್ಜ್ ಆಲ್ಕಾಕ್ 1983ರಲ್ಲಿ ತಮ್ಮ ಐದನೆಯ ಧೂಮಕೇತುವನ್ನು 15×80ರಲ್ಲಿ ಕಂಡದ್ದು ಮನೆಯೊಳಗೆ ಮಂಡಿಯೂರಿ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ. ಗಂಟೆಗಟ್ಟಲೆ ನೋಡಬೇಕಾದವರು ಮೊದಲು ಮೈಗೊಂದು ನೆಲೆ ಹುಡುಕಿಕೊಳ್ಳುತ್ತಾರೆ.

ನಮ್ಮ ನೆತ್ತಿಯ ಆಕಾಶಕ್ಕೆ ಮೂರು ದಾರಿಗಳಿವೆ. ಕಣ್ಣುಕೊಳವೆ 45 ಅಥವಾ 90 ಡಿಗ್ರಿ ಬಾಗಿರುವ ಬೈನಾಕ್ಯುಲರ್ ಕೊಳ್ಳುವುದು ಒಂದು. ಕತ್ತು ನೆಟ್ಟಗಿಟ್ಟುಕೊಂಡೇ ಮೇಲಕ್ಕೆ ನೋಡಬಹುದು, ಆದರೆ 100 ಮಿ.ಮೀ. ಗಾತ್ರದಲ್ಲಿ ಬೆಲೆ ಲಕ್ಷ ದಾಟುತ್ತದೆ. ಕನ್ನಡಿ ಇಟ್ಟು ತಲೆ ತಗ್ಗಿಸಿ ನೋಡುವುದು ಎರಡನೆಯದು. ಮಾಮೂಲಿ ಕನ್ನಡಿ ಸಲ್ಲದು, ಮೇಲ್ಮೈಯಲ್ಲೇ ಲೇಪನವಿರುವ ಕನ್ನಡಿ ಬೇಕು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ, ಇಬ್ಬನಿಯೂ ಕೂರುತ್ತದೆ. ನನಗೆ ಅದು ಹಿಡಿಸದು. ಮೂರನೆಯದು ಸಮಾಂತರ ಚತುರ್ಭುಜದ ತೋಳು. ಎರಡು ಉದ್ದ ಪಟ್ಟಿ, ಎರಡು ಗಿಡ್ಡ ತುಂಡು, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಒಂದು ತುದಿಗೆ ದುರ್ಬೀನು, ಇನ್ನೊಂದು ತುದಿಗೆ ಸಮತೂಕದ ಕಲ್ಲು. ನೀರೆತ್ತುತ್ತಿದ್ದ ಏತದಂತೆಯೇ ಕೆಲಸ ಮಾಡುತ್ತದೆ, ಬೆರಳಿನಿಂದ ತಳ್ಳಿದರೂ ಏರುತ್ತದೆ, ಇಳಿಯುತ್ತದೆ. ವ್ಯತ್ಯಾಸ ಒಂದೇ: ಎರಡು ಪಟ್ಟಿಗಳು ಸಮಾಂತರವಾಗಿರುವುದರಿಂದ ತೋಳು ಎಷ್ಟು ಏರಿಳಿದರೂ ದುರ್ಬೀನು ನೋಡುತ್ತಿರುವ ದಿಕ್ಕು ಬದಲಾಗದು. ಅಪ್ಪ ನೋಡಿದ ನೀಹಾರಿಕೆಯೇ ಮಗಳ ಎತ್ತರಕ್ಕೆ ಇಳಿಸಿದಾಗಲೂ ಒಳಗಿರುತ್ತದೆ.

ಎಷ್ಟು ಇಳಿಯುತ್ತದೆ? ಕೀಲಿನಿಂದ ದುರ್ಬೀನಿನವರೆಗೆ ತೋಳು 80 ಸೆಂ.ಮೀ. ಇದ್ದು, ಅದು ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 30 ಡಿಗ್ರಿ ಆಡಿದರೆ ಒಟ್ಟು ಏರಿಳಿತ 80 ಸೆಂ.ಮೀ. 160 ಸೆಂ.ಮೀ. ಎತ್ತರದ ದೊಡ್ಡವರಿಗೂ 100 ಸೆಂ.ಮೀ. ಎತ್ತರದ ಮಗುವಿಗೂ ಕಣ್ಣಿನ ಮಟ್ಟದಲ್ಲಿ 60 ಸೆಂ.ಮೀ.ಯಷ್ಟು ಅಂತರ. 80 ಸೆಂ.ಮೀ. ಸಾಕಾಗಿ ಮಿಗುತ್ತದೆ. ಆ 80 ಸೆಂ.ಮೀ. ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಟ್ರೈಪಾಡಿನ ಕಾಲುಗಳಿಗೆ ತಾಗದಂತೆ ಒರಗುಕುರ್ಚಿಯನ್ನು ದುರ್ಬೀನಿನ ಕೆಳಗೆ ಸರಿಸಬಹುದು.

ಸಮತೂಕದ ಲೆಕ್ಕ ತಕ್ಕಡಿಯದೇ ಲೆಕ್ಕ, ತೂಕವನ್ನು ದೂರದಿಂದ ಗುಣಿಸುವುದು. 25×100 ದುರ್ಬೀನು, ಅದನ್ನು ಹಿಡಿದ ಕ್ಲಾಂಪು, ತಿರುಗುವ ಕೀಲು ಸೇರಿ 6 ಕಿಲೋ ಎನ್ನೋಣ. 6ನ್ನು 80ರಿಂದ ಗುಣಿಸಿದರೆ 480. ಪಟ್ಟಿಗಳ ಮುಂಭಾಗ ತುಸು ಉದ್ದವಿರುವುದರಿಂದ ಅವುಗಳ ಸ್ವಂತ ಭಾರದ್ದು ಇನ್ನೊಂದು 25. ಒಟ್ಟು 505. ಹಿಂದಿನ ತೋಳಿನಲ್ಲಿ 58 ಸೆಂ.ಮೀ. ದೂರಕ್ಕೆ ಭಾರ ತೂಗುಹಾಕಿದರೆ ಬೇಕಾದದ್ದು 8.7 ಕಿಲೋ.

ಈ 8.7 ಕಿಲೋಗೆ ಜಿಮ್ಮಿನ ತಟ್ಟೆಗಳನ್ನು ಕೊಳ್ಳಬೇಕಿಲ್ಲ. ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬೆಟ್ಟಗಳ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟಿನ ಸಾಂದ್ರತೆ ನೀರಿಗಿಂತ 2.65 ಪಟ್ಟು. ಮೂರೂ ಕಡೆ 15 ಸೆಂ.ಮೀ. ಇರುವ ಚೌಕದ ತುಂಡಿನ ಗಾತ್ರ 3,375 ಘನ ಸೆಂ.ಮೀ., ತೂಕ 8.9 ಕಿಲೋ. ಕಂಬಿ ತೂರಿಸಲು ನಡುವೆ ಒಂದಿಂಚಿನ ತೂತು ಕೊರೆದರೆ 200 ಗ್ರಾಂ ಹೋಗಿ 8.7 ಉಳಿಯುತ್ತದೆ. ಕಲ್ಲು ಕೊಯ್ಯುವ ಕಡೆ ಅಂಥ ತುಂಡು ಕಸದ ರಾಶಿಯಲ್ಲಿ ಬಿದ್ದಿರುತ್ತದೆ. ಕೊಡಬೇಕಾದದ್ದು ತೂತಿನ ಕೂಲಿ.

ಚಿಕ್ಕ ದುರ್ಬೀನಿಗೆ ಕಲ್ಲೂ ಬೇಡ. 20×80ಕ್ಕೆ ಇದೇ ಲೆಕ್ಕದಲ್ಲಿ 5.1 ಕಿಲೋ ಸಾಕು. ಒಣ ಮರಳು ಲೀಟರಿಗೆ 1.6 ಕಿಲೋ ತೂಗುವುದರಿಂದ ಐದು ಲೀಟರಿನ ಎಣ್ಣೆ ಕ್ಯಾನಿಗೆ 3.2 ಲೀಟರ್ ಮರಳು ತುಂಬಿದರೆ ಸರಿಹೋಗುತ್ತದೆ. 15×70ಕ್ಕೆ 3.7 ಕಿಲೋ, ಅಂದರೆ ಅದೇ ಕ್ಯಾನಿನಲ್ಲಿ 3.7 ಲೀಟರ್ ನೀರು. ನೀರಿನದು ಒಂದು ಅನುಕೂಲ: ಹೆಚ್ಚೆನಿಸಿದರೆ ಒಂದು ಲೋಟ ಚೆಲ್ಲಿದರಾಯಿತು.

ಇನ್ನು ಮರ. ತೋಳಿಗೆ ಐದು ಅಡಿ ಉದ್ದದ, 2 ಇಂಚು ಅಗಲ 1 ಇಂಚು ದಪ್ಪದ ಎರಡು ಪಟ್ಟಿ, 0.14 ಘನ ಅಡಿ. ಟ್ರೈಪಾಡಿನ ಮೂರು ಕಾಲಿಗೆ, ಕಾಲಿಗೆ ಎರಡರಂತೆ, ನಾಲ್ಕೂವರೆ ಅಡಿಯ, ಒಂದೂವರೆ ಇಂಚು ಅಗಲದ, ತೋಳಿನ ಪಟ್ಟಿಯಷ್ಟೇ ದಪ್ಪದ ಆರು ಪಟ್ಟಿ, 0.28 ಘನ ಅಡಿ. ತಲೆಯ ದಿಮ್ಮಿ, ಗಿಡ್ಡ ತುಂಡುಗಳಿಗೆ 0.08. ಒಟ್ಟು ಅರ್ಧ ಘನ ಅಡಿ. ಕೊಯ್ದು ಹತ್ತರಿ ಹೊಡೆಯುವುದರಲ್ಲಿ ಹೋಗುವುದಕ್ಕೆ ಅರ್ಧದಷ್ಟು ಸೇರಿಸಿದರೆ ಮುಕ್ಕಾಲು ಘನ ಅಡಿ. ಸಿಲ್ವರ್ ಓಕ್ ಘನ ಅಡಿಗೆ 1,000 ರೂಪಾಯಿ ಎಂದು ಹಿಡಿದರೆ 750 ರೂ. ತೇಗಕ್ಕೆ 4,500 ಹಿಡಿದರೆ 3,375.

ಪಟ್ಟಿಯನ್ನು ಜೋಡಿಸುವ ಬಗೆ ಮರದ ಜಾತಿಗಿಂತ ದೊಡ್ಡ ಮಾತು. 2 ಇಂಚಿನ ಮುಖ ನಿಲುವಾಗಿ ನಿಂತರೆ ಪಟ್ಟಿಯ ಬಿಗುವು ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು. ಭಾರವನ್ನೆಲ್ಲ ಒಂದೇ ತೇಗದ ಪಟ್ಟಿ ಹೊತ್ತರೂ 6 ಕಿಲೋಗೆ ತುದಿಯಲ್ಲಿ 4 ಮಿ.ಮೀ. ಬಾಗುತ್ತದೆ. ಅದೇ ಪಟ್ಟಿಯನ್ನು ಮಲಗಿಸಿದರೆ 15 ಮಿ.ಮೀ. ದಾಟುತ್ತದೆ, ಗಾಳಿ ಬೀಸಿದಾಗಲೆಲ್ಲ ನಕ್ಷತ್ರ ಕುಣಿಯುತ್ತದೆ. ಕಬ್ಬಿಣದ ಚೌಕ ಪೈಪು ಹಾಕಬಾರದೇ ಎಂದು ಕೇಳುವವರಿದ್ದಾರೆ. 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಮೀಟರಿಗೆ 1.4 ಕಿಲೋ ತೂಗುತ್ತದೆ, ಅದೇ ಅಳತೆಯ ಅಲ್ಯೂಮಿನಿಯಂ ಅರ್ಧ ಕಿಲೋ. ಬಲದಲ್ಲಿ ಕೊರತೆಯಿಲ್ಲ. ಆದರೆ ಲೋಹ ಒಮ್ಮೆ ತಾಗಿದರೆ ಹೆಚ್ಚು ಹೊತ್ತು ಕಂಪಿಸುತ್ತದೆ, ಮರ ಕಂಪನವನ್ನು ಬೇಗ ನುಂಗುತ್ತದೆ. ಸ್ಟ್ಯಾಂಡು ಸಿದ್ಧವಾದ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ನಕ್ಷತ್ರ ಎರಡು ಸೆಕೆಂಡಿನೊಳಗೆ ನಿಂತರೆ ಕೆಲಸ ಚೆನ್ನಾಗಿದೆ. ಐದು ಸೆಕೆಂಡಾದರೂ ನಡುಗುತ್ತಿದ್ದರೆ ಯಾವುದೋ ಬೋಲ್ಟಿನ ಸಂದು ಸಡಿಲ.

ಚನ್ನಪಟ್ಟಣದವರ ಕೈ ಬೇಕಾಗುವುದು ಇಲ್ಲೇ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಅಲ್ಲಿನ ಬೊಂಬೆಗಳು ಆಲೆ ಮರದವು. ನುಣುಪಾದ ಒತ್ತು ಎಳೆಯ ಮರ, ಲೇತಿನ ಮೇಲೆ ತಿರುಗುವಾಗಲೇ ಅರಗಿನ ಬಣ್ಣ ಹಿಡಿಯುತ್ತದೆ. ಸ್ಟ್ಯಾಂಡಿಗೆ ಬೇಕಾದ ದುಂಡು ಭಾಗಗಳೆಲ್ಲ ಅವರ ದಿನನಿತ್ಯದ ಕೆಲಸವೇ: ಬಿಗಿ ಮಾಡುವ ಹಿಡಿಗಳು ಆರು, ಅಡ್ಡಲಾಗಿ ತಿರುಗುವ ಕೀಲಿಗೆ ಒಂದರ ಮೇಲೊಂದು ಕೂರುವ 15 ಸೆಂ.ಮೀ. ಅಗಲದ ಎರಡು ಬಿಲ್ಲೆಗಳು, ಮೂಲೆಗಳಿಗೆ ಎಂಟು ಒತ್ತುಬಳೆಗಳು. ಚಕ್ರದ ಬಂಡಿಗೂ ಬುಗುರಿಗೂ ಕೊರೆಯುವ ಅಚ್ಚುಕಟ್ಟಿನಲ್ಲಿ ಈ ಬಿಲ್ಲೆಗಳನ್ನು ಮಾಡಿಕೊಟ್ಟರೆ ದುರ್ಬೀನು ತಡೆಯಿಲ್ಲದೆ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಬಡಗಿಯದೂ ಲೇತಿನವರದೂ ಸೇರಿ ಎರಡು ದಿನದ ಕೆಲಸ. ದಿನಕ್ಕೆ 1,200ರಂತೆ 2,400 ರೂ. ಎಂದು ಹಿಡಿದಿದ್ದೇನೆ. ಸಿಲ್ವರ್ ಓಕ್ ಸ್ಟ್ಯಾಂಡಿನ ಖರ್ಚಿನಲ್ಲಿ ಇದೇ ದೊಡ್ಡ ಬಾಬ್ತು. ಇದರಲ್ಲಿ ಚೌಕಾಸಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋಲ್ಟಿನ ವಿಷಯದಲ್ಲಿ ಒಂದು ಎಚ್ಚರ. ಬೈನಾಕ್ಯುಲರಿನ ಮುಂದಿನ ಮುಚ್ಚಳ ಬಿಚ್ಚಿದರೆ ಕಾಣುವ ತೂತಿಗೆ ಹೊಂದುವುದು ಕಾಲು ಇಂಚಿನ, ಇಂಚಿಗೆ 20 ಸುತ್ತಿನ ಬೋಲ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನ ಬಿಎಸ್‌ಡಬ್ಲ್ಯೂ ಎಂದು ಕೇಳಿದರೆ ಸಿಗುತ್ತದೆ. ಹೆಚ್ಚಾಗಿ ಕೈಗೆ ಕೊಡುವುದು 6 ಮಿ.ಮೀ. ಬೋಲ್ಟನ್ನು. ಕಾಲು ಇಂಚು ಎಂದರೆ 6.35 ಮಿ.ಮೀ., ಸುತ್ತಿನಿಂದ ಸುತ್ತಿಗೆ 1.27 ಮಿ.ಮೀ. 6 ಮಿ.ಮೀ. ಬೋಲ್ಟಿನಲ್ಲಿ ಆ ಅಂತರ 1 ಮಿ.ಮೀ. ಮೊದಲ ಎರಡು ಸುತ್ತು ಒಳಗೆ ಹೋದಂತೆ ಕಂಡು ಆಮೇಲೆ ಕಚ್ಚಿಕೊಳ್ಳುತ್ತದೆ, ಒತ್ತಾಯ ಮಾಡಿದರೆ ದುರ್ಬೀನಿನ ಒಳಸುತ್ತೇ ಸವೆದುಹೋಗುತ್ತದೆ. ಬೆರಳಿನಲ್ಲಿ ಐದು ಸುತ್ತು ಸಲೀಸಾಗಿ ಹೋಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ. ದುರ್ಬೀನಿನ ಜೊತೆ ಬರುವ ಪ್ಲಾಸ್ಟಿಕ್ ಎಲ್ ಕ್ಲಾಂಪನ್ನೂ ಬಿಟ್ಟುಬಿಡುವುದು ಒಳ್ಳೆಯದು, ಅದು ಬಾಗುತ್ತದೆ. 5 ಮಿ.ಮೀ. ದಪ್ಪದ ಲೋಹದ ಪಟ್ಟಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಎರಡು ತೂತು ಕೊರೆಸಿದರೆ 400 ರೂಪಾಯಿಯ ಕೆಲಸ. 25×100 ಗಾತ್ರದವುಗಳಲ್ಲಿ ನಡುವೆ ಉದ್ದಕ್ಕೂ ಒಂದು ಕಂಬಿ ಇರುತ್ತದೆ. ಕ್ಲಾಂಪನ್ನು ಆ ಕಂಬಿಯ ಮೇಲೆ ಹಿಂದೆ ಮುಂದೆ ಸರಿಸಿ, ದುರ್ಬೀನು ತಾನಾಗಿ ಅಡ್ಡಕ್ಕೆ ನಿಲ್ಲುವ ಜಾಗ ಹುಡುಕಿ ಬಿಗಿಯಬೇಕು.

ಉಳಿದ ಬಾಬ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂಲೆಗಳಿಗೆ 10 ಮಿ.ಮೀ. ಬೋಲ್ಟು, ನೈಲಾನ್ ಬಿಗಿಯ ನಟ್ಟು, ವಾಷರು 500. ನಡುಗಂಬಕ್ಕೆ ಮುಕ್ಕಾಲು ಇಂಚಿನ ಜಿಐ ಪೈಪು, ಫ್ಲೇಂಜು 450. ಕಲ್ಲಿಗೆ ತೂತು 500. ವಾರ್ನಿಷು, ಮರಳುಕಾಗದ 300. ಕ್ಲಾಂಪು, ಕೂಲಿ, ಸಿಲ್ವರ್ ಓಕ್ ಸೇರಿ ಒಟ್ಟು 5,300 ರೂ. ತೇಗದಲ್ಲಾದರೆ 7,925. ಮಡಚುವ ಒರಗುಕುರ್ಚಿಗೆ 3,000 ಹಿಡಿದರೆ 8,300 ಅಥವಾ 10,925.

ಟ್ರೈಪಾಡಿನ ತಲೆಯ ಮೇಲೆ ಈಗ ಕೂರುವ ಭಾರ ಎಷ್ಟು? ದುರ್ಬೀನಿನ ಕಡೆ 6, ಕಲ್ಲು 8.7, ಪಟ್ಟಿಗಳು 2.4, ಬೋಲ್ಟು, ದಿಮ್ಮಿ 1. ಒಟ್ಟು 18 ಕಿಲೋ. 5 ಕಿಲೋ ತಾಳುತ್ತದೆಂದು ಬರೆದ ಕ್ಯಾಮೆರಾ ಟ್ರೈಪಾಡಿನ ಮೇಲೆ ಇದನ್ನು ಕೂರಿಸುವ ಯೋಚನೆಯನ್ನೇ ಬಿಡಬೇಕು. ಮರದ ಕಾಲುಗಳ ತೂಕ 5 ಕಿಲೋ ಚಿಲ್ಲರೆ. ಎಲ್ಲ ಸೇರಿ 24 ಕಿಲೋಗೆ ಹತ್ತಿರ. ಆದರೆ ಬಿಚ್ಚಿದಾಗ ಯಾವ ತುಂಡೂ 9 ಕಿಲೋ ಮೀರದು, ಮೂರು ಸಲ ಮೆಟ್ಟಿಲು ಹತ್ತಿದರೆ ಮಾಳಿಗೆಯ ಮೇಲಿರುತ್ತದೆ.

ಮಾಳಿಗೆ ಎಂದು ಬೇಕೆಂದೇ ಬರೆದೆ. ಕತ್ತಲು ಹುಡುಕಿಕೊಂಡು ಬೆಟ್ಟದ ಬುಡಕ್ಕೆ ಹೋಗುವ ಆಸೆ ಎಲ್ಲರಿಗೂ ಇದೆ. ಸಾವನದುರ್ಗದ 1,226 ಮೀಟರ್, ರಾಮದೇವರ ಬೆಟ್ಟದ ಬಂಡೆಗಳು ಕರೆಯುತ್ತವೆ. ಆದರೆ ಈ ತಾಲ್ಲೂಕುಗಳಲ್ಲಿ ಚಿರತೆ, ಕರಡಿ ಇವೆ. ಕನಕಪುರ, ಚನ್ನಪಟ್ಟಣದ ಕಡೆ ರಾತ್ರಿ ಆನೆಗಳು ಹೊಲಕ್ಕೆ ಇಳಿಯುತ್ತವೆ. ಒರಗಿಕೊಂಡು ನೆತ್ತಿ ನೋಡುವವರಿಗೆ ಸುತ್ತಮುತ್ತಲ ಅರಿವು ಇರುವುದಿಲ್ಲ. ಊರಂಚಿನ ಮನೆಯ ಮಾಳಿಗೆ, ಶಾಲೆಯ ಮಾಳಿಗೆ ಸಾಕು.

ಬೆಂಗಳೂರಿನ ಬೆಳಕು ಯಾವ ದಿಕ್ಕಿಗೆ ಬೀಳುತ್ತದೆ ಎಂಬುದು ಊರಿಂದ ಊರಿಗೆ ಬೇರೆ. ಮಾಗಡಿಗೆ ಬೆಂಗಳೂರು ನೇರ ಪೂರ್ವಕ್ಕೆ, ಗೆರೆ ಎಳೆದಂತೆ ಅಳೆದರೆ 40 ಕಿ.ಮೀ. ಒಳಗೆ. ಅಲ್ಲಿ ಪೂರ್ವದಲ್ಲಿ ಹುಟ್ಟುವುದನ್ನು ಕಾಯುವ ಬದಲು ನೆತ್ತಿ ದಾಟಿ ಪಶ್ಚಿಮಕ್ಕೆ ವಾಲುವವರೆಗೆ ತಾಳಬೇಕು. ರಾಮನಗರ, ಚನ್ನಪಟ್ಟಣಗಳಿಗೆ ಬೆಂಗಳೂರು ಈಶಾನ್ಯದಲ್ಲಿ. ಕನಕಪುರಕ್ಕೆ ಹೆಚ್ಚುಕಡಿಮೆ ಉತ್ತರದಲ್ಲಿ, 50 ಕಿ.ಮೀ. ದೂರ. ದಕ್ಷಿಣಕ್ಕೆ ಕಾವೇರಿ ವನ್ಯಧಾಮದ ಕಾಡು. ಹೀಗಾಗಿ 30 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕೆ ಕಾಣುವ ಒಮೆಗಾ ಸೆಂಟಾರಿಗೆ ನಾಲ್ಕರಲ್ಲಿ ಕನಕಪುರವೇ ಮೇಲು. ಬರಿಗಣ್ಣಿಗೆ ಮಂಕು ಚುಕ್ಕೆಯಾದ ಆ ಗೋಳಗುಚ್ಛ ದೊಡ್ಡ ದುರ್ಬೀನಿನಲ್ಲಿ ಉಂಡೆಯಾಗಿ ಉಬ್ಬಿ ನಿಲ್ಲುತ್ತದೆ. ಮೇ ತಿಂಗಳ ಮೊದಲ ಮಳೆ ಗಾಳಿಯ ದೂಳನ್ನು ತೊಳೆದ ಮಾರನೆಯ ರಾತ್ರಿ ಅದನ್ನು ನೋಡಬೇಕು.

ಸ್ಟ್ಯಾಂಡು ನಿಂತ ಮೇಲೆ ಕಣ್ಣಿಗೆ ಹೊಂದಿಸುವ ಕೆಲಸ. ಎರಡು ಪಾಪೆಗಳ ನಡುವಿನ ಅಂತರ ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74 ಮಿ.ಮೀ., ಸರಾಸರಿ 63. ನಡುಗೀಲನ್ನು ಮಡಚಿ ಎರಡು ವೃತ್ತಗಳು ಒಂದಾಗುವವರೆಗೆ ಸರಿಸಬೇಕು. ಅನೇಕ ದೊಡ್ಡ ಬೈನಾಕ್ಯುಲರುಗಳು 56 ಮಿ.ಮೀ.ಗಿಂತ ಕಿರಿದಾಗುವುದಿಲ್ಲ. ಎಂಟೊಂಬತ್ತು ವರ್ಷದ ಮಕ್ಕಳಿಗೆ ಆಗ ಒಂದೇ ಕಣ್ಣಲ್ಲಿ ನೋಡಲು ಹೇಳುವುದೇ ಸರಿ, ಎರಡೂ ಕಣ್ಣು ಹಾಕಿ ಪರದಾಡಿಸಬಾರದು. ಆಮೇಲೆ ಬಲಗಡೆ ಮುಚ್ಚಿ ಎಡಗಣ್ಣಿಗೆ ನಡುಚಕ್ರದಿಂದ ನಕ್ಷತ್ರವನ್ನು ಚೂಪಾದ ಚುಕ್ಕೆ ಮಾಡಿಕೊಳ್ಳಬೇಕು, ನಂತರ ಎಡಗಡೆ ಮುಚ್ಚಿ ಬಲಗಣ್ಣುಗಾಜಿನ ಬಳೆಯನ್ನು ತಿರುಗಿಸಬೇಕು. 100 ಮಿ.ಮೀ. ಗಾತ್ರದವುಗಳಲ್ಲಿ ನಡುಚಕ್ರ ಇರುವುದೇ ಅಪರೂಪ, ಒಂದೊಂದು ಕಣ್ಣಿಗೂ ಬೇರೆ ಬೇರೆ ತಿರುಗಣೆ. ಚಾಳೀಸು ಅಥವಾ ಬರೀ ದೂರದೃಷ್ಟಿಯ ಕನ್ನಡಕದವರು ಅದನ್ನು ತೆಗೆದಿಟ್ಟು ನೋಡಬಹುದು. ಸಿಲಿಂಡರ್ ಪವರ್ ಒಂದಕ್ಕಿಂತ ಹೆಚ್ಚಿರುವವರು ಹಾಕಿಕೊಂಡೇ ನೋಡಲಿ, ರಬ್ಬರ್ ಬಟ್ಟಲನ್ನು ಮಡಚಿಕೊಂಡರಾಯಿತು.

ಎಲ್ಲ ಹೊಂದಿಸಿದರೂ ನಕ್ಷತ್ರ ಎರಡಾಗಿ ಕಂಡರೆ, ಅಥವಾ ಹತ್ತು ನಿಮಿಷದಲ್ಲಿ ಹಣೆ ನೋಯತೊಡಗಿದರೆ, ಎರಡು ಕೊಳವೆಗಳು ಸಮಾಂತರ ತಪ್ಪಿವೆ. ಕೊಳವೆಗಳ ನಡುವೆ ಒಂದು ಕಲೆಯಷ್ಟು, ಅಂದರೆ ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲು ಓರೆಯಾದರೆ 25 ಪಟ್ಟು ಹಿಗ್ಗಿ ಕಣ್ಣಿಗೆ 25 ಕಲೆಯಾಗಿ ಬೀಳುತ್ತದೆ. ಹುಣ್ಣಿಮೆ ಚಂದ್ರನ ಅಗಲವೇ 30 ಕಲೆ. 30 ಸೆಂ.ಮೀ. ಉದ್ದದ ಕೊಳವೆಯಲ್ಲಿ ಅಷ್ಟು ಓರೆ ಬರಲು 0.09 ಮಿ.ಮೀ. ಸರಿದರೆ ಸಾಕು, ಅದು ಒಂದು ಹಾಳೆ ಕಾಗದದ ದಪ್ಪ. ಬಸ್ಸಿನ ಮೇಲೆ ಹಾಕಿ ತಂದ ಪೆಟ್ಟಿಗೆಯಲ್ಲಿ ಇದು ಆಗಿಬಿಡಬಹುದು. ಕೊಂಡ ವಾರದೊಳಗೇ ನಕ್ಷತ್ರದ ಮೇಲೆ ಪರೀಕ್ಷಿಸಿ, ತಪ್ಪಿದ್ದರೆ ಹಿಂತಿರುಗಿಸಬೇಕು. ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗುವುದು ಬೇಡ.

ಇಡುವ ಜಾಗದ ಬಗ್ಗೆ ಒಂದು ಮಾತು. ಈ ನಾಡು ರೇಷ್ಮೆಯದು. ಚಾಕಿ ಹುಳುಗಳಿಗೆ 27-28 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 85ರಷ್ಟು ತೇವ ಬೇಕು. ಮಸೂರದ ಮೇಲಿನ ಬೂಷ್ಟಿಗೂ ಅದೇ ಹವೆ ಹಿತ. ಹುಳು ಸಾಕುವ ಮನೆಯಲ್ಲಿ, ಅದರ ಪಕ್ಕದ ಕೋಣೆಯಲ್ಲಿ ದುರ್ಬೀನು ಇಡಬಾರದು. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಒಣಗಿಸಿದ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಅದನ್ನು ಬಾಣಲೆಯಲ್ಲಿ ಬಿಸಿಮಾಡಿ ಮರಳಿ ಹಾಕುವುದು. ಇದಕ್ಕೆ 200 ರೂಪಾಯಿಯೂ ಆಗದು.

ಈಗ ಎರಡು ಬಜೆಟ್ಟುಗಳನ್ನು ಎದುರುಬದುರು ಇಡುತ್ತೇನೆ. 25×100ಕ್ಕೆ 45,000, ಕ್ಯಾಮೆರಾ ಟ್ರೈಪಾಡಿಗೆ 5,000 ಎಂದು ಹಿಡಿದರೆ 50,000 ರೂ. 15×70ಕ್ಕೆ 12,000, ಮನೆಯಲ್ಲಿ ಮಾಡಿಸಿದ ಸ್ಟ್ಯಾಂಡು, ಕುರ್ಚಿಗೆ 8,300 ಎಂದರೆ 20,300. ಎರಡನೆಯದನ್ನೇ ಆರಿಸಿ ಎನ್ನಲು ನನಗೆ ಹಿಂಜರಿಕೆಯಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೊಂದು ರಾತ್ರಿಯಂತೆ 17 ರಾತ್ರಿ, ಐದು ವರ್ಷಕ್ಕೆ 85. ಸ್ಟ್ಯಾಂಡು, ಕುರ್ಚಿಯ ಖರ್ಚು ರಾತ್ರಿಗೆ 98 ರೂಪಾಯಿ. ನಾಲ್ಕು ಜನರ ಮನೆಯಲ್ಲಿ ತಲೆಗೆ 25ರ ಒಳಗೆ. ಮುಂದೆ ಹಣ ಕೂಡಿದಾಗ ಅದೇ ಸ್ಟ್ಯಾಂಡಿಗೆ ನೀರಿನ ಕ್ಯಾನು ತೆಗೆದು ಕಲ್ಲು ಹಾಕಿದರೆ 25×100 ಕೂರುತ್ತದೆ.

ಶಾಲೆಯೊಂದು ಇದನ್ನು ಮಾಡಿಸಿದರೆ ಲೆಕ್ಕ ಹೀಗಾಗುತ್ತದೆ. ತರಗತಿಯಲ್ಲಿ 40 ಮಕ್ಕಳು, ಒಬ್ಬರಿಗೆ ನೋಡಲು ಎರಡು ನಿಮಿಷ, ಎತ್ತರ, ಕಣ್ಣಿನ ಅಂತರ ಹೊಂದಿಸಲು ಅರ್ಧ ನಿಮಿಷ. ಒಟ್ಟು 100 ನಿಮಿಷ. ಫೆಬ್ರವರಿ ಮಧ್ಯದಲ್ಲಿ ಮಹಾವ್ಯಾಧದ ನೀಹಾರಿಕೆ ರಾತ್ರಿ 8.15ರ ಸುಮಾರಿಗೆ ದಕ್ಷಿಣೋತ್ತರ ರೇಖೆ ದಾಟುತ್ತದೆ. 7.30ಕ್ಕೆ ಶುರುಮಾಡಿ 9.10ಕ್ಕೆ ಮುಗಿಸಿದರೆ ಆ ಘಳಿಗೆ ಹೆಚ್ಚುಕಡಿಮೆ ನಡುವೆ ಬರುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 15×70ರ 4.4 ಡಿಗ್ರಿ ಕಿಂಡಿಯನ್ನು ಒಂದು ಕಾಯ ಈ ತುದಿಯಿಂದ ಆ ತುದಿಗೆ ದಾಟಲು ಸುಮಾರು 18 ನಿಮಿಷ ಬೇಕು. ಮೋಟಾರು ಬೇಡ, ಮೂರು ನಾಲ್ಕು ಮಕ್ಕಳಿಗೊಮ್ಮೆ ತುಸು ಸರಿಸಿದರೆ ಆಯಿತು. ಆ 100 ನಿಮಿಷದಲ್ಲಿ ನೀಹಾರಿಕೆಯ ಎತ್ತರ 68 ಡಿಗ್ರಿಯಿಂದ 72ಕ್ಕೆ ಏರಿ ಮತ್ತೆ 68ಕ್ಕೆ ಬರುತ್ತದೆ, ಅಷ್ಟೇ. ಕುರ್ಚಿಯ ಒರಗನ್ನು ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟಬೇಕಿಲ್ಲ. ಆದರೆ ದಿಕ್ಕು ಮಾತ್ರ ಆಗ್ನೇಯದ ಕಡೆಯಿಂದ ನೈಋತ್ಯದ ಕಡೆಗೆ 70 ಡಿಗ್ರಿ ಹೊರಳುತ್ತದೆ. ನೆತ್ತಿಯ ಹತ್ತಿರ ಹಾಯುವ ಕಾಯಗಳ ಸ್ವಭಾವವೇ ಅದು. ಹಾಗಾಗಿ ಹಗಲಲ್ಲೇ ಮಾಳಿಗೆಯ ನೆಲದ ಮೇಲೆ ಹತ್ತು ಹತ್ತು ಡಿಗ್ರಿಗೆ ಒಂದರಂತೆ ಸೀಮೆಸುಣ್ಣದಲ್ಲಿ ಎಂಟು ಗೆರೆ ಎಳೆದಿಟ್ಟು, ಸುಮಾರು ಹದಿನಾಲ್ಕು ನಿಮಿಷಕ್ಕೊಮ್ಮೆ, ಐದಾರು ಮಕ್ಕಳಾದ ಮೇಲೆ, ಕುರ್ಚಿಯನ್ನು ಮುಂದಿನ ಗೆರೆಗೆ ತಿರುಗಿಸಬೇಕು.